ಬ್ರೆಡ್ ಮಷಿನ್, ಚಿರೋಟಿ ರವೆ ಮತ್ತು ನಮ್ಮ ಅಡುಗೆಮನೆಯ ಸೆಖೆ

ಹಿಟ್ಟು ನಾದಿ, ಉಬ್ಬಿಸಿ, ಬೇಯಿಸುವುದನ್ನೆಲ್ಲ ಒಂದೇ ಡಬ್ಬದಲ್ಲಿ ಮಾಡುವ ಬ್ರೆಡ್ ಮಷಿನ್ ಅನ್ನು, ನನಗೆ ಗೊತ್ತಿರುವವರಲ್ಲಿ ಕೊಂಡವರೆಲ್ಲ ಈಗ ಅದನ್ನು ಅಟ್ಟಕ್ಕೆ ಹಾಕಿದ್ದಾರೆ, ಇಲ್ಲವೇ ಅರ್ಧ ಬೆಲೆಗೆ ಮಾರಿದ್ದಾರೆ. ನನ್ನದೂ ಹಾಗೆ ಮಾರಿದವರೊಬ್ಬರಿಂದ ಬಂದದ್ದೇ. ಹೊಸದಕ್ಕೆ 6,500ರ ಆಸುಪಾಸು ಇತ್ತು, ನನಗೆ 3,000 ಚಿಲ್ಲರೆಗೆ ಸಿಕ್ಕಿತು. ಡಬ್ಬ ಕೈಗೆ ಕೊಡುವಾಗಲೇ ಅವರು, "ಚಪಾತಿ ಹಿಟ್ಟು ಕಲಸೋಕೆ ಚೆನ್ನಾಗಿದೆ, ಬ್ರೆಡ್ಡಿಗೆ ಮಾತ್ರ ನೆಚ್ಕೋಬೇಡಿ" ಎಂದಿದ್ದರು. ನಮ್ಮತ್ತೆಯ ಲೆಕ್ಕ ಬೇರೆ: "ಬೇಕರೀಲಿ ಒಂದು ಪೌಂಡ್ ಬ್ರೆಡ್ಡು ಐವತ್ತು ರೂಪಾಯಿಗೆ ಸಿಗತ್ತೆ. ಅದಕ್ಕೆ ಮೂರೂವರೆ ಗಂಟೆ ಕರೆಂಟ್ ಸುಡಬೇಕೇನಮ್ಮಾ?" ಈಗ ಬೆಳಿಗ್ಗೆ ಮೊದಲ ಎರಡು ಸ್ಲೈಸು ಅವರಿಗೇ ಹೋಗಬೇಕು. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಮಷಿನ್ ಕೆಟ್ಟದ್ದಲ್ಲ. ಜೊತೆಗೆ ಬರುವ ಪುಸ್ತಕ ನಮ್ಮ ಹಿಟ್ಟಿಗೂ ನಮ್ಮ ಸೆಖೆಗೂ ಬರೆದದ್ದಲ್ಲ, ಅಷ್ಟೇ.

ನಾನು ಶುರು ಮಾಡಿದ್ದು ಏಪ್ರಿಲ್‌ನಲ್ಲಿ. ಮೈಸೂರಿನಲ್ಲಿ ಆಗ ಅಡುಗೆಮನೆಯೊಳಗೇ 32, 33 ಡಿಗ್ರಿ. ಬ್ರೆಡ್ಡು ಚೆನ್ನಾಗಿಯೇ ಉಬ್ಬುತ್ತಿತ್ತು. ಮುಚ್ಚಳದ ಗಾಜಿಗೆ ತಾಗುವಷ್ಟು ಉಬ್ಬಿ, ಬೇಯುವ ಹೊತ್ತಿಗೆ ನಡು ಕುಸಿದು ಬಾವಿಯಾಗುತ್ತಿತ್ತು. ಎಲ್ಲರೂ "ಯೀಸ್ಟ್ ಸರಿಯಿಲ್ಲ, ಜಾಸ್ತಿ ಹಾಕಿ" ಅಂದರು. ಹಾಕಿದರೆ ಇನ್ನೂ ಬೇಗ ಕುಸಿಯಿತು. ಬರೀ ಗೋಧಿ ಹಿಟ್ಟಿನದು ಇನ್ನೊಂದು ಕತೆ. ಚಕ್ಕಿ ಹಿಟ್ಟು ನೀರು ಎಷ್ಟು ಕುಡಿಯುತ್ತದೆ ಅಂತ ನಿಮಗೆ ಗೊತ್ತೇ ಇದೆ. ಪುಸ್ತಕದಲ್ಲಿ ಹೇಳಿದಷ್ಟೇ ನೀರು ಹಾಕಿ ಮಾಡಿದ ಬ್ರೆಡ್ಡನ್ನು ಕಾಗೆಯೂ ಮೂಸಲಿಲ್ಲ.

ಆಮೇಲೆ ದುಡ್ಡು ಸುರಿಯುವ ಕಾಲ. ಗ್ಲುಟೆನ್ ಪುಡಿ (ಗೋಧಿಯ ಅಂಟಿನ ಪುಡಿ) ತರಿಸಿದೆ, ಕಾಲು ಕಿಲೋಗೆ ಸುಮಾರು 200 ರೂಪಾಯಿ. ಬ್ರೆಡ್ಡು ಎದ್ದಿತು, ಆದರೆ ಜಗಿದು ಜಗಿದು ದವಡೆ ನೋವು. ಆಮದಾದ ಬ್ರೆಡ್ ಹಿಟ್ಟು ತಂದೆ. ಅದರಲ್ಲಿ ಚೆನ್ನಾಗಿ ಬಂತು, ಆದರೆ ಒಂದೊಂದು ಬ್ರೆಡ್ಡಿಗೆ ನೂರರ ಹತ್ತಿರ ಬಿತ್ತು. ಅತ್ತೆಯ ಮಾತೇ ಗೆದ್ದ ಹಾಗಾಯಿತು.

ದಾರಿ ಸಿಕ್ಕಿದ್ದು ಯುಗಾದಿ ಒಬ್ಬಟ್ಟಿನಿಂದ. ಕಣಕಕ್ಕೆ ಚಿರೋಟಿ ರವೆ ಯಾಕೆ ಹಾಕುತ್ತೇವೆ? ಎಳೆದರೆ ಹರಿಯಬಾರದು ಅಂತ ತಾನೆ? ಬ್ರೆಡ್ಡಿಗೆ ಬೇಕಾದ್ದೂ ಅದೇ ಎಳೆ. ಕಿಲೋಗೆ 60 ರೂಪಾಯಿ ಆಜುಬಾಜು, ಯಾವ ದಿನಸಿ ಅಂಗಡಿಯಲ್ಲೂ ಇರುತ್ತದೆ. ಆದರೆ ಒಣ ರವೆ ಹಾಗೇ ಸುರಿದರೆ ಪ್ರಯೋಜನವಿಲ್ಲ. ಕಣಕ ನೆನೆಸಿದ ಹಾಗೆ ಇದನ್ನೂ ನೆನೆಸಬೇಕು.

ನನ್ನ ಈಗಿನ ಅಳತೆ, ನೆನಪಿನಿಂದ ಹೇಳುತ್ತಿದ್ದೇನೆ: ಮೈದಾ 300 ಗ್ರಾಂ, ಚಿರೋಟಿ ರವೆ 100, ನೀರು 255ರಿಂದ 260, ಎಣ್ಣೆ 20, ಸಕ್ಕರೆ 15, ಉಪ್ಪು 7. ಇನ್‌ಸ್ಟಂಟ್ ಯೀಸ್ಟ್ ಚಳಿಗಾಲಕ್ಕೆ 4 ಗ್ರಾಂ, ಬೇಸಿಗೆಗೆ ಎರಡೂವರೆ ಸಾಕು. ಅದೇ ನೀರಿನ ಅರ್ಧ ಭಾಗ ತೆಗೆದು ಅದರಲ್ಲಿ ರವೆಯನ್ನು ಮುಕ್ಕಾಲು ಗಂಟೆ ನೆನೆಸಿಡಿ. ಕಪ್ಪಿನ ಲೆಕ್ಕ ಕೇಳಬೇಡಿ. ನಾಲ್ಕು ನೂರಕ್ಕೆ ಸಿಗುವ ಡಿಜಿಟಲ್ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈಹಾಕಲೇಬೇಡಿ. ನೆನೆಸುವ ನೀರಿಗೆ ನಾನು ಇನ್ನೊಂದು ಪದಾರ್ಥ ಚಿಟಿಕೆಯಷ್ಟು ಸೇರಿಸುತ್ತೇನೆ. ಅದು ಎಲ್ಲರ ಮನೆಯಲ್ಲೂ ಇರುವಂಥದ್ದೇ. ನನ್ನ ತಂಗಿಗೇ ಹೇಳಿಲ್ಲ, ಇಲ್ಲಿ ಹೇಳ್ತೀನಾ?

ಮುಚ್ಚಳ ತೆಗೆಯಬೇಡಿ ಎಂದು ಪುಸ್ತಕ ಹೇಳುತ್ತದೆ. ನಾದುವಾಗ ತೆಗೆದರೆ ಏನೂ ಆಗಲ್ಲ. ಎಂಟು ಹತ್ತು ನಿಮಿಷಕ್ಕೆ ತೆಗೆದು ಬೆರಳು ಮುಟ್ಟಿಸಿ. ಬೆರಳಿಗೆ ಸ್ವಲ್ಪ ಅಂಟಿ ಬಿಟ್ಟುಕೊಂಡರೆ ಸರಿ. ಉಂಡೆ ಪಾತ್ರೆಗೆ ಬಡಿದು ಟಪಟಪ ಸದ್ದು ಮಾಡಿದರೆ ಒಂದು ಚಮಚ ನೀರು. ತಳದಲ್ಲಿ ಮೆತ್ತಿಕೊಂಡಿದ್ದರೆ ಒಂದು ಚಮಚ ಮೈದಾ. ಮಳೆಗಾಲದಲ್ಲಿ ಅದೇ ಪ್ಯಾಕೆಟ್ಟಿನ ಮೈದಾಗೆ ನೀರು ಒಂದು ಚಮಚ ಕಮ್ಮಿ ಸಾಕಾಗುತ್ತದೆ.

ಇನ್ನು ಮುಖ್ಯ ವಿಷಯ. ನಾದುವುದರಿಂದ ಬೇಯಿಸುವವರೆಗೆ ಎಲ್ಲವನ್ನೂ ತಾನೇ ಮಾಡುವ ಬೇಸಿಕ್ ಪ್ರೋಗ್ರಾಮನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಅದು ತನ್ನ ಗಡಿಯಾರ ನೋಡಿಕೊಂಡು ಬೇಯಿಸುತ್ತದೆ, ಹಿಟ್ಟನ್ನು ನೋಡುವುದಿಲ್ಲ. ಹಿಟ್ಟು ನಾದಿ ಉಬ್ಬಿಸಿ ಅಲ್ಲಿಗೇ ನಿಲ್ಲುವ ಡೋ ಪ್ರೋಗ್ರಾಮ್ ಹಾಕುತ್ತೇನೆ, ಒಂದೂವರೆ ಗಂಟೆ. ಬೇಸಿಗೆಯಲ್ಲಿ ಫ್ರಿಜ್ಜಿನ ತಣ್ಣೀರು, ಯಾಕೆಂದರೆ ನಾದುವಾಗಲೇ ಹಿಟ್ಟು ಬಿಸಿಯಾಗುತ್ತದೆ. ಮುಗಿದ ಮೇಲೆ ಹಿಟ್ಟು ತೆಗೆದು, ನಾದುವ ರೆಕ್ಕೆಯನ್ನು ಕಳಚಿಟ್ಟು, ಕೈಯಲ್ಲಿ ಸುರುಳಿ ಸುತ್ತಿ ಮತ್ತೆ ಪಾತ್ರೆಗೆ ಇಡುತ್ತೇನೆ. ಆಗ ಬ್ರೆಡ್ಡಿನ ತಳದಲ್ಲಿ ರೆಕ್ಕೆಯ ದೊಡ್ಡ ತೂತು ಬೀಳುವುದಿಲ್ಲ, ಕಡ್ಡಿಯಷ್ಟು ಗುರುತು ಮಾತ್ರ. ಮಷಿನ್ ಆಫ್. ಮತ್ತೆ ಉಬ್ಬಲು ಮೇ ತಿಂಗಳಲ್ಲಿ ಅರ್ಧ ಗಂಟೆ, ಡಿಸೆಂಬರ್‌ನಲ್ಲಿ ಒಂದು ಗಂಟೆಯ ಮೇಲೆ. ಪಾತ್ರೆಯ ಅಂಚಿಗೆ ಎರಡು ಬೆರಳು ಕೆಳಗಿದ್ದಾಗಲೇ ಬೇಕ್ ಒತ್ತಿ. ಅಂಚಿಗೆ ಬರಲಿ ಅಂತ ಕಾದರೆ ಕೆಟ್ಟಿರಿ. ಮಷಿನ್ ತಣ್ಣಗಿನಿಂದ ಕಾಯುತ್ತಾ ಹೋಗುವುದರಿಂದ ಮೊದಲ ಹತ್ತು ನಿಮಿಷ ಹಿಟ್ಟು ಉಬ್ಬುತ್ತಲೇ ಇರುತ್ತದೆ. ನನ್ನ ಮಷಿನ್‌ಗೆ 50 ನಿಮಿಷ ಸಾಕು.

ಹೀಗೆ ಎರಡು ಭಾಗ ಮಾಡಿಕೊಂಡದ್ದರಿಂದ ಕರೆಂಟ್ ಹೋದರೂ ತಲೆಬಿಸಿ ಇಲ್ಲ. ಮೊದಲೆಲ್ಲ ಎರಡನೇ ಗಂಟೆಯಲ್ಲಿ ಕರೆಂಟ್ ಹೋಗಿ ಬಂದರೆ ಅದು ಮತ್ತೆ ಶುರುವಿನಿಂದ ನಾದಲು ಹೊರಡುತ್ತಿತ್ತು.

ಮೇಲ್ಭಾಗ ಬಿಳಿಚಿಕೊಳ್ಳುವುದು ಎಲ್ಲರ ದೂರು. ಮುಚ್ಚಳದಲ್ಲಿ ಕಾಯಿಲ್ ಇಲ್ಲ, ಇನ್ನೇನಾಗುತ್ತದೆ? ಗಾಜಿನ ಹೊರಗಡೆ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ, ಬ್ರೆಡ್ಡಿನ ಮೇಲೆ ಹಾಲು ಸವರಿ. ಬೇಕರಿ ಬಣ್ಣ ಅಲ್ಲದಿದ್ದರೂ ಹತ್ತಿರ ಬರುತ್ತದೆ. ಆದ ಕೂಡಲೇ ಪಾತ್ರೆಯಿಂದ ತೆಗೆಯಿರಿ. ಒಂದು ಗಂಟೆ ಚಾಕು ಮುಟ್ಟಿಸಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ.

ಖರ್ಚು? ಹಿಟ್ಟು, ರವೆ, ಎಣ್ಣೆ, ಯೀಸ್ಟ್ ಸೇರಿ 25 ರೂಪಾಯಿ ಇರಬಹುದು. ಯೀಸ್ಟ್ ಸಣ್ಣ ಪೊಟ್ಟಣ ಕೊಳ್ಳಬೇಡಿ, ಅರ್ಧ ಕಿಲೋ ತಂದು ಫ್ರೀಜರ್‌ನಲ್ಲಿಡಿ. ವರ್ಷ ಬಂದರೂ ಕೆಲಸ ಮಾಡುತ್ತದೆ. 550 ವ್ಯಾಟ್‌ನ ಮಷಿನ್, ಒಂದು ಬ್ರೆಡ್ಡಿಗೆ ಅರ್ಧ ಯೂನಿಟ್ಟೂ ಆಗುವುದಿಲ್ಲ. 28, 30 ರೂಪಾಯಿಗೆ 600 ಗ್ರಾಂ ಮೇಲಿನ ಬ್ರೆಡ್ಡು. ಈ ಲೆಕ್ಕ ಚೀಟಿಯಲ್ಲಿ ಬರೆದು ಅತ್ತೆಯ ಮುಂದಿಟ್ಟೆ. "ನಿನ್ನ ಕೂಲಿ ಎಲ್ಲಿ?" ಅಂದರು.

ನಡುವೆ ಮಾಡಿದ ಪ್ರಯೋಗಗಳೂ ಇವೆ. ಒಟ್ಟು 400 ಗ್ರಾಂ ಹಿಟ್ಟಿನಲ್ಲಿ 60 ಗ್ರಾಂ ರಾಗಿ ಹಿಟ್ಟು ತಡೆಯುತ್ತದೆ, ಬಣ್ಣವೂ ಚೆಂದ. ಅದಕ್ಕಿಂತ ಜಾಸ್ತಿಯಾದರೆ ಪುಡಿಪುಡಿ. ನೀರಿನ ಬದಲು ಹುಳಿ ಬಂದ ದೋಸೆ ಹಿಟ್ಟು ಹಾಕಿದೆ. ಎತ್ತರ ಬರಲಿಲ್ಲ, ಆದರೆ ಬೆಣ್ಣೆ ಹಚ್ಚಿ ಹೆಂಚಿನ ಮೇಲೆ ಸುಟ್ಟರೆ ಅದರ ರುಚಿಯೇ ಬೇರೆ. ಬೇಯಿಸಿ ಮಸೆದ ಒಂದು ಆಲೂಗಡ್ಡೆ ಸೇರಿಸಿದರೆ ಮೂರನೇ ದಿನಕ್ಕೂ ಮೆತ್ತಗಿರುತ್ತದೆ. ಬೆಳಗಾವಿ ಕಡೆಯಿಂದ ತರಿಸಿದ ಜವೆ ಗೋಧಿ (ಖಪ್ಲಿ) ಹಿಟ್ಟು ಮಾತ್ರ ಬ್ರೆಡ್ಡಿಗೆ ಅಲ್ಲವೇ ಅಲ್ಲ. ಅದನ್ನು ಹುಗ್ಗಿಗೆ, ಪಾಯಸಕ್ಕೆ ಬಿಡಿ.

ಹೆಚ್ಚು ಹೆಸರು ತಂದದ್ದು ಖಾರಾ ಬ್ರೆಡ್ಡು, ಅಯ್ಯಂಗಾರ್ ಬೇಕರಿ ಖಾರಾ ಬನ್ನಿನ ಧಾಟಿಯದು. ಹಸಿಮೆಣಸಿನಕಾಯಿ, ಕರಿಬೇವು, ಸಬ್ಬಸಿಗೆ ಸೊಪ್ಪು, ಈರುಳ್ಳಿ. ಈರುಳ್ಳಿ ಹಸಿಯಾಗಿ ಹಾಕಿದರೆ ನೀರು ಬಿಟ್ಟು ಹಿಟ್ಟು ಜೋಲುತ್ತದೆ. ಹುರಿದು, ಆರಿಸಿ, ನಾದುವಾಗ ಮಷಿನ್ ಬೀಪ್ ಅಂದಾಗ ಹಾಕಿ. ಪಕ್ಕದ ಬೀದಿಯ ಬೇಕರಿಯವರಿಗೆ ಒಂದು ತುಂಡು ಕೊಟ್ಟೆ. ತಿಂದು, "ಯಾವ ಓವನ್ನು ಮೇಡಂ?" ಎಂದು ಕೇಳಿದರು. ಹೇಳಿದರೆ ನಂಬಲಿಲ್ಲ.

ಮೊನ್ನೆ ಒಳಗಿನ ಬೆಲ್ಟ್ ಹರಿಯಿತು. ರಿಪೇರಿಯವರು "ಪಾರ್ಟ್ ಬರಲ್ಲ, ಹೊಸದು ತಗೊಳ್ಳಿ" ಅಂದರು. ಹರಿದ ಬೆಲ್ಟ್ ಹಿಡಿದುಕೊಂಡು ಬೇರಿಂಗು, ಬೆಲ್ಟ್ ಮಾರುವ ಅಂಗಡಿಗೆ ಹೋದೆ. ಹಲ್ಲು ಎಣಿಸಿ, ಅಗಲ ನೋಡಿ, ಅಂಥದ್ದೇ ಒಂದು ಕೊಟ್ಟರು, 180 ರೂಪಾಯಿ. ತಳದ ಸ್ಕ್ರೂ ಬಿಚ್ಚಿ ನಾನೇ ಹಾಕಿದೆ. ಪ್ಲಗ್ ತೆಗೆದಿಟ್ಟು ಮಾಡಿ, ಮತ್ತೆ ಹಳೆಯ ಬೆಲ್ಟನ್ನು ಅಳತೆಗೆ ಅಂತ ಎತ್ತಿಟ್ಟುಕೊಳ್ಳಿ.