ಮತದಾರರ ಬಳಿ ದೇಣಿಗೆ ಕೇಳಿದ್ದು: ನನ್ನ ಅನುಭವ

2023ರ ವಿಧಾನಸಭಾ ಚುನಾವಣೆಯ ಖರ್ಚಿಗೆ ಕ್ಷೇತ್ರದ ಜನರಿಂದಲೇ ದೇಣಿಗೆ ಎತ್ತುತ್ತೇನೆ ಎಂದಾಗ ನಮ್ಮ ಕಾರ್ಯಕರ್ತರಲ್ಲಿ ಹೆಚ್ಚಿನವರಿಗೆ ಅದು ಹಿಡಿಸಲಿಲ್ಲ. “ಐದು ವರ್ಷ ಶಾಸಕರಾಗಿದ್ದವರು ಹಣ ಕೇಳಿಕೊಂಡು ಹೊರಟರೆ ಜನ ಏನೆಂದುಕೊಳ್ಳುತ್ತಾರೆ ಸಾರ್?” ಎಂದರು. ಹಳೆಯ ಸಮಾಜವಾದಿ ಹಿರಿಯರೊಬ್ಬರು ಮಾತ್ರ ನನ್ನ ಬೆನ್ನಿಗೆ ನಿಂತರು. “ಒಂದು ವೋಟು, ಒಂದು ನೋಟು” ಎಂದು ಕೇಳಿದ ಶಾಂತವೇರಿ ಗೋಪಾಲಗೌಡರು 1952ರಲ್ಲೇ ಗೆದ್ದು ತೋರಿಸಿದ ಮಲೆನಾಡು ಇದು ಎಂದು ಎಲ್ಲರಿಗೂ ನೆನಪಿಸಿದರು.

ನನ್ನ ಕಾರಣ ಸರಳವಾಗಿತ್ತು. ಗುತ್ತಿಗೆದಾರರ ದುಡ್ಡಿನಲ್ಲಿ ಗೆದ್ದವನು ಗೆದ್ದ ಮರುದಿನದಿಂದ ಅವರ ಬಿಲ್ಲುಗಳ ಹಿಂದೆ ಓಡಾಡಬೇಕು. ನೂರು ರೂಪಾಯಿ ಕೊಟ್ಟವರು ಕೇಳುವುದು ರಸ್ತೆ, ಆಸ್ಪತ್ರೆ, ಹಕ್ಕುಪತ್ರ. ಋಣ ಹೊರಲೇಬೇಕಾದರೆ ಅದು ಎರಡನೆಯವರದ್ದಾಗಿರಲಿ ಎಂಬುದು ನನ್ನ ಹಟ.

ಕಷ್ಟವಾದದ್ದು ಪರಿಚಯ ಪತ್ರ. ಕಚೇರಿಯ ಹುಡುಗರು ಬರೆದು ತಂದ ಕರಡಿನಲ್ಲಿ ‘ಅಭಿವೃದ್ಧಿಯ ಹರಿಕಾರ’, ‘ಬಡವರ ಬಂಧು’, ‘ಜನಪ್ರಿಯ ಶಾಸಕರು’ ಎಂಬ ಫ್ಲೆಕ್ಸ್ ಬೋರ್ಡಿನ ಪದಗಳೇ ತುಂಬಿದ್ದವು. ಅದನ್ನು ಓದಿ ಯಾರಾದರೂ ಜೇಬಿಗೆ ಕೈ ಹಾಕುತ್ತಾರೆಂದು ನನಗೆ ಅನಿಸಲಿಲ್ಲ. ಎಲ್ಲವನ್ನೂ ಹೊಡೆದುಹಾಕಿ ನಾನೇ ಬರೆದೆ: “ನಾನು 2018ರಿಂದ ನಿಮ್ಮ ಶಾಸಕ. ಅದಕ್ಕೂ ಮೊದಲು ತಾಲ್ಲೂಕು ನ್ಯಾಯಾಲಯದಲ್ಲಿ ವಕೀಲಿಕೆ ಮಾಡುತ್ತಿದ್ದೆ. ಮನೆಯಲ್ಲಿ ಅಡಿಕೆ ತೋಟವಿದೆ. ತಾಲ್ಲೂಕು ಆಸ್ಪತ್ರೆಗೆ ಡಯಾಲಿಸಿಸ್ ಯಂತ್ರ ಬಂದಿದೆ. ಹೊಳೆಯಾಚೆಯ ಮಕ್ಕಳು ಮಳೆಗಾಲದಲ್ಲಿ ಇಂದಿಗೂ ಕಾಲುಸಂಕ ದಾಟಿಯೇ ಶಾಲೆಗೆ ಬರುತ್ತಾರೆ. ಅಲ್ಲಿ ಸೇತುವೆ ಆಗಬೇಕು. ಸರ್ಕಾರಿ ಜಮೀನಿನಲ್ಲಿ ಮಾಡಿದ ಸಾಗುವಳಿಯನ್ನು ಸಕ್ರಮಗೊಳಿಸುವ, ನಾನು ಅಧ್ಯಕ್ಷನಾಗಿರುವ ಬಗರ್ ಹುಕುಂ ಸಮಿತಿಯ ಮುಂದೆ ಇನ್ನೂ ಅರ್ಜಿಗಳು ಬಾಕಿ ಇವೆ.” ಆಗದೆ ಉಳಿದ ಕೆಲಸಗಳನ್ನು ಹೇಳುವ ಸಾಲುಗಳನ್ನು ತೆಗೆಯಿರಿ ಎಂದು ಒತ್ತಾಯ ಬಂತು. ನಾನು ತೆಗೆಯಲಿಲ್ಲ. ಮುಂದಿನ ಐದು ವರ್ಷ ಯಾವುದಕ್ಕಾಗಿ ಬೇಕು ಎಂಬುದು ಆ ಸಾಲುಗಳಲ್ಲೇ ಇತ್ತು.

ಅದರ ಕೆಳಗೆ ಹಣ ಯಾವುದಕ್ಕೆ ಎಂದು ಬರೆದೆ. ವಿಧಾನಸಭಾ ಅಭ್ಯರ್ಥಿಗೆ ನಮ್ಮ ರಾಜ್ಯದಲ್ಲಿ ಖರ್ಚಿನ ಮಿತಿ 40 ಲಕ್ಷ ರೂಪಾಯಿ. ವಾಹನದ ಬಾಡಿಗೆ, ಡೀಸೆಲ್, ಕರಪತ್ರ, ಶಾಮಿಯಾನ, ಮೈಕು, ಬೂತ್ ಏಜೆಂಟರ ಊಟ ಎಲ್ಲವೂ ಅದರೊಳಗೇ ಮುಗಿಯಬೇಕು. ಮತಕ್ಕೆ ಹಂಚಲು ಒಂದು ಪೈಸೆಯೂ ಹೋಗುವುದಿಲ್ಲ ಎಂಬ ಸಾಲನ್ನು ದಪ್ಪಕ್ಷರದಲ್ಲಿ ಹಾಕಿಸಿದೆ.

ಪತ್ರ ಹಿಡಿದು ಸಂತೆಗೆ ಹೋದಾಗ ಎದುರಾದ ಮೊದಲ ಪ್ರಶ್ನೆಗೇ ಬಹಳ ಹೊತ್ತು ಉತ್ತರ ಹೇಳಬೇಕಾಯಿತು. ವೀಳ್ಯದೆಲೆ ಮಾರುವ ಹಿರಿಯ ಹೆಂಗಸೊಬ್ಬರು, “ನಿಮಗೆ ಸರ್ಕಾರದಿಂದ ವರ್ಷಕ್ಕೆ ಎರಡು ಕೋಟಿ ಬರುತ್ತದಂತಲ್ಲಪ್ಪ, ಮತ್ತೆ ನನ್ನ ಹತ್ತಿರ ಏಕೆ ಕೇಳುತ್ತೀಯ?” ಎಂದರು. ಎಷ್ಟು ಜನರ ಮನಸ್ಸಿನಲ್ಲಿ ಈ ಪ್ರಶ್ನೆ ಇದೆ ಎಂಬುದು ನನಗೆ ಅರಿವಾದದ್ದು ಅಲ್ಲಿ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಶಾಸಕನ ಕೈಗೆ ಬರುವುದಿಲ್ಲ. ಕಾಮಗಾರಿಯನ್ನು ನಾವು ಸೂಚಿಸುತ್ತೇವೆ, ಮಂಜೂರು ಮಾಡುವವರು ಜಿಲ್ಲಾಧಿಕಾರಿ. ಆ ಹಣದಲ್ಲಿ ಒಂದು ಕರಪತ್ರವನ್ನೂ ಅಚ್ಚು ಹಾಕಿಸುವಂತಿಲ್ಲ. ಇಷ್ಟನ್ನೂ ಕೇಳಿಸಿಕೊಂಡ ಮೇಲೆ ಅವರು ಸೊಂಟದ ಚೀಲದಿಂದ ಐವತ್ತು ರೂಪಾಯಿ ತೆಗೆದರು. ರಸೀದಿ ಬರೆದುಕೊಟ್ಟೆ. ಮರುದಿನದಿಂದ ಈ ಪ್ರಶ್ನೆ, ಉತ್ತರ ಎರಡೂ ಪತ್ರದ ಹಿಂಬದಿಯಲ್ಲಿ ಅಚ್ಚಾದವು.

ನಿಯಮಗಳ ವಿಷಯದಲ್ಲಿ ಲೆಕ್ಕಪರಿಶೋಧಕರೊಬ್ಬರು ಜೊತೆಗಿದ್ದರು. ನಾಮಪತ್ರ ಸಲ್ಲಿಸುವ ಕನಿಷ್ಠ ಒಂದು ದಿನ ಮೊದಲು ಚುನಾವಣಾ ಖರ್ಚಿಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಹಾಗಾಗಿ ಪತ್ರವನ್ನು ಮೊದಲೇ ಓದಿಸಿದೆವು, ಹಣ ಪಡೆದದ್ದು ಖಾತೆ ತೆರೆದ ನಂತರ. ಒಬ್ಬರಿಂದ 10,000 ರೂಪಾಯಿಗಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಪಕ್ಷಕ್ಕೆ ಕೊಟ್ಟ ದೇಣಿಗೆಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಉಂಟು, ಅಭ್ಯರ್ಥಿಗೆ ಕೊಟ್ಟದ್ದಕ್ಕೆ ಇಲ್ಲ. ಇದನ್ನು ಕೇಳುವ ಮೊದಲೇ ಹೇಳಿಬಿಡುತ್ತಿದ್ದೆ. ಅಮೆರಿಕದ ಪೌರತ್ವ ಪಡೆದಿರುವ ನನ್ನ ಸಹಪಾಠಿ ದೊಡ್ಡ ಮೊತ್ತ ಕಳುಹಿಸಲು ಮುಂದಾದ. ವಿದೇಶಿ ದೇಣಿಗೆ ಕಾಯ್ದೆಯ ಪ್ರಕಾರ ಅಭ್ಯರ್ಥಿಯಾಗಲಿ ಶಾಸಕನಾಗಲಿ ಅದನ್ನು ಮುಟ್ಟುವಂತಿಲ್ಲ. ಬೇಡವೆಂದೆ. ಬೇಸರ ಮಾಡಿಕೊಂಡ, ಊರಲ್ಲಿರುವ ಅವನ ತಮ್ಮ ತನ್ನ ದುಡಿಮೆಯಿಂದಲೇ ಒಂದಿಷ್ಟು ಕೊಟ್ಟರು.

ಚುನಾವಣಾ ಆಯೋಗ ಕೊಡುವ ಖರ್ಚಿನ ವಹಿಯಲ್ಲಿ ಮೂರು ಬಣ್ಣದ ಹಾಳೆಗಳು: ದಿನದ ಖರ್ಚಿಗೆ ಬಿಳಿ, ನಗದಿಗೆ ಗುಲಾಬಿ, ಬ್ಯಾಂಕ್ ವ್ಯವಹಾರಕ್ಕೆ ಹಳದಿ. ಪ್ರಚಾರದ ಅವಧಿಯಲ್ಲಿ ಮೂರು ಬಾರಿ ಅದನ್ನು ತಪಾಸಣೆಗೆ ಒಯ್ಯಬೇಕು. ರಾತ್ರಿ ಎಷ್ಟೇ ಹೊತ್ತಾದರೂ ಅಂದಿನ ರಸೀದಿಗಳನ್ನು ಅಂದೇ ಬರೆಯಬೇಕೆಂಬ ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗಲಿಲ್ಲ. ಸಂತೆಯ ಐವತ್ತು ರೂಪಾಯಿಗೂ ಅಲ್ಲಿ ಒಂದು ಸಾಲು ಸಿಕ್ಕಿತು.

ಮೇ 13ರಂದು ಫಲಿತಾಂಶ ಬಂತು, ಗೆದ್ದೆ. ಮೂವತ್ತು ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಸಲ್ಲಿಸಬೇಕು, ಸಲ್ಲಿಸಿದೆವು. ಅದರ ಪ್ರತಿಯನ್ನು ದೇಣಿಗೆ ಕೊಟ್ಟವರಿಗೂ ತಲುಪಿಸಿದ್ದು ನಾವು ಸ್ವಂತ ಇಚ್ಛೆಯಿಂದ ಮಾಡಿದ ಕೆಲಸ. ಕೆಲವೇ ದಿನಗಳಲ್ಲಿ ನಿವೃತ್ತ ಮೇಷ್ಟರೊಬ್ಬರು ಕರೆ ಮಾಡಿ, ಶಾಮಿಯಾನದ ದರ ಏಕೆ ಅಷ್ಟು ಎಂದು ಕೇಳಿದರು. ಚುನಾವಣಾಧಿಕಾರಿಗಳು ನಿಗದಿಪಡಿಸಿದ ದರಪಟ್ಟಿ ಅದು ಎಂದು ವಿವರಿಸಿ, ಪಟ್ಟಿಯನ್ನೂ ಕಳುಹಿಸಿಕೊಟ್ಟೆ. “ಸರಿ, ಇದು ಒಪ್ಪಿತು. ಈಗ ಆ ಕಾಲುಸಂಕದ ವಿಷಯಕ್ಕೆ ಬನ್ನಿ” ಎಂದರು.