ಹಡಗಿನ ಸ್ಟೀಮ್ ಟರ್ಬೈನ್ ಎಬ್ಬಿಸುವ ಮೊದಲು ಕಂಡೆನ್ಸರ್ ನೋಡಿ

1907ರಲ್ಲಿ ಅಟ್ಲಾಂಟಿಕ್ ಓಡಾಟ ಶುರುಮಾಡಿದ ಲೂಸಿಟೇನಿಯಾ, ಮೌರಿಟೇನಿಯಾ ಹಡಗುಗಳಿಗೆ ತಲಾ 25 ಬಾಯ್ಲರ್, 4 ಶಾಫ್ಟ್. ಹೊರಗಿನ ಎರಡು ಶಾಫ್ಟಿಗೆ ಹೈ ಪ್ರೆಶರ್ ಟರ್ಬೈನ್, ಒಳಗಿನ ಎರಡಕ್ಕೆ ಲೋ ಪ್ರೆಶರ್. ನಡುವೆ ಗೇರ್ ಇಲ್ಲ, ಟರ್ಬೈನ್ ಎಷ್ಟು ಸುತ್ತಿದರೆ ಪ್ರೊಪೆಲರೂ ಅಷ್ಟೇ. ಬಾಯ್ಲರಿನಿಂದ ಚದರ ಇಂಚಿಗೆ 195 ಪೌಂಡ್ ಒತ್ತಡದಲ್ಲಿ ಹೊರಟ ಹಬೆ, ಕಂಡೆನ್ಸರ್ (ಕೆಲಸ ಮುಗಿಸಿದ ಹಬೆಯನ್ನು ತಣಿಸಿ ನೀರಾಗಿಸುವ ಪೆಟ್ಟಿಗೆ) ಸೇರುವ ಹೊತ್ತಿಗೆ ನೂರು ಪಟ್ಟಿಗೂ ಹೆಚ್ಚು ಹಿಗ್ಗಿರುತ್ತದೆ. ಅಷ್ಟು ಹಿಗ್ಗಿದ ಹಬೆಗೆ ಸಾಲುವ ಸಿಲಿಂಡರ್ ಮಾಡುವುದು ಪಿಸ್ಟನ್ ಎಂಜಿನ್ನಿಗೆ ಆಗದ ಮಾತು. ಟರ್ಬೈನಿನ ನಿಜವಾದ ಲಾಭ ಅಲ್ಲೇ ಇದೆ. ಹಬೆ ಅಷ್ಟು ಹಿಗ್ಗಬೇಕಾದರೆ ಕಂಡೆನ್ಸರಿನೊಳಗೆ ಒತ್ತಡ ತೀರಾ ಕಡಿಮೆ, ಅಂದರೆ ವ್ಯಾಕ್ಯೂಮ್, ಇರಬೇಕು. ಹಾಗಾಗಿ ವ್ಯಾಕ್ಯೂಮ್ ಕೆಟ್ಟರೆ ಕಲ್ಲಿದ್ದಲು ಸುಟ್ಟಿದ್ದು ನೀರುಪಾಲು.

ಎಬ್ಬಿಸುವ ಕ್ರಮ ಹೀಗೆ. ಮೊದಲು ಸರ್ಕ್ಯುಲೇಟಿಂಗ್ ಪಂಪ್ ಓಡಿಸಿ, ಕಂಡೆನ್ಸರಿನ ಹಿತ್ತಾಳೆ ಟ್ಯೂಬುಗಳ ಒಳಗೆ ಸಮುದ್ರದ ನೀರು ಹರಿಯಲಿ. ಟರ್ಬೈನಿನಲ್ಲಿ ನಿಂತ ನೀರು ಬಸಿಯುವ ಡ್ರೇನ್‌ಗಳನ್ನೆಲ್ಲ ತೆರೆಯಿರಿ. ಹಡಗಿನ ಹಿಂಬದಿಯಲ್ಲಿ ದೋಣಿ ಇಲ್ಲವೆಂದು ಖಾತ್ರಿಮಾಡಿಕೊಂಡು ಟರ್ನಿಂಗ್ ಗೇರ್‌ನಿಂದ (ಹಬೆಯಿಲ್ಲದೆ ನಿಧಾನವಾಗಿ ತಿರುಗಿಸುವ ಸಾಧನ) ರೋಟರ್, ಅಂದರೆ ಬ್ಲೇಡುಗಳಿರುವ ತಿರುಗುವ ಭಾಗ, ತಿರುಗಿಸಿ, ಏಕೆಂದರೆ ಪ್ರೊಪೆಲರೂ ಜೊತೆಗೇ ತಿರುಗುತ್ತದೆ. ಆಮೇಲೆ ಶಾಫ್ಟ್ ಹೊರಬರುವ ಗ್ಲ್ಯಾಂಡ್‌ಗಳಿಗೆ ಹಬೆ ಕೊಟ್ಟು ಗಾಳಿಯ ದಾರಿ ಮುಚ್ಚಿ, ಕಂಡೆನ್ಸರಿನೊಳಗಿನ ಗಾಳಿ ಎಳೆಯುವ ಏರ್ ಪಂಪ್ ಚಾಲೂ ಮಾಡಿ. ಸ್ವಲ್ಪಸ್ವಲ್ಪವೇ ಹಬೆ ಬಿಟ್ಟು ಕಾಯಿಸಿ. ನಿಂತ ರೋಟರಿಗೆ ಹಬೆ ಬಿಟ್ಟರೆ ಮೇಲಿನ ಭಾಗ ಬೇಗ ಕಾದು ರೋಟರ್ ಬಿಲ್ಲಿನಂತೆ ಬಾಗುತ್ತದೆ, ಬ್ಲೇಡ್ ತುದಿಗಳು ಕೇಸಿಂಗಿಗೆ ತಿಕ್ಕುತ್ತವೆ. ಒಳಗೆ ನೀರು ನಿಂತಿದ್ದರೆ ಬ್ಲೇಡುಗಳೇ ಕಿತ್ತುಹೋಗುತ್ತವೆ. ಥ್ರಾಟಲ್ (ಟರ್ಬೈನಿಗೆ ಹಬೆ ಬಿಡುವ ಮುಖ್ಯ ವಾಲ್ವ್) ತೆರೆಯುವ ಮುನ್ನ ಟರ್ನಿಂಗ್ ಗೇರ್ ಬಿಡಿಸಲು ಮರೆಯಬೇಡಿ.

ಈಗ ವ್ಯಾಕ್ಯೂಮ್ ಅಳೆಯುವ ಗೇಜ್. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 30 ಇಂಚು ಪಾದರಸ. ಒಳ್ಳೆಯ ಕಂಡೆನ್ಸರ್ 28 ಇಂಚು ವ್ಯಾಕ್ಯೂಮ್ ತೋರಿಸಿದರೆ ಒಳಗೆ ಉಳಿದದ್ದು 2 ಇಂಚು, ಅಲ್ಲಿ ಹಬೆ 38 ಡಿಗ್ರಿ ಸೆಲ್ಸಿಯಸ್‌ನಲ್ಲೇ ನೀರಾಗುತ್ತದೆ. ಬೆಂಗಳೂರಿನಲ್ಲಿ ಮಾದರಿ ಕಂಡೆನ್ಸರ್ ಕಟ್ಟುವವರು ಇಲ್ಲೇ ಎಡವುವುದು. ನಮ್ಮೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡವೇ ಸುಮಾರು 27 ಇಂಚು. ಎಸ್‌.ಪಿ. ರೋಡಿನಿಂದ ತಂದ ಗೇಜ್ 25 ತೋರಿಸಿದರೆ ಅದು ಹಡಗಿನ 28ಕ್ಕೆ ಸಮ. 28 ಬರಲಿಲ್ಲವೆಂದು ಪಂಪ್ ಬಿಚ್ಚಬೇಡಿ.

ಸಮುದ್ರದಲ್ಲಿ ಗೇಜ್ 26ಕ್ಕೆ ಇಳಿಯಿತು ಎನ್ನಿ. ಕಂಡೆನ್ಸರಿನಿಂದ ಇಳಿಯುವ ನೀರಿಗೆ ಥರ್ಮಾಮೀಟರ್ ಹಿಡಿಯಿರಿ. 50 ಡಿಗ್ರಿಯ ಆಸುಪಾಸು ಇದ್ದರೆ ತಣ್ಣೀರು ಸಾಲದು, ಇಲ್ಲವೇ ಟ್ಯೂಬುಗಳಲ್ಲಿ ಕೊಳೆ ಕಟ್ಟಿದೆ. ಅದಕ್ಕಿಂತ ಬಹಳ ತಣ್ಣಗಿದ್ದರೆ ಗಾಳಿ ಒಳಸೇರುತ್ತಿದೆ. ಆಗ ಉರಿಯುವ ಮೇಣದಬತ್ತಿಯನ್ನು ಫ್ಲ್ಯಾಂಜ್ (ಬೋಲ್ಟ್ ಹಾಕಿದ ಜೋಡಣೆಯ ಅಂಚು), ಗ್ಲ್ಯಾಂಡ್‌ಗಳ ಉದ್ದಕ್ಕೂ ನಿಧಾನವಾಗಿ ಸರಿಸಿ. ಸೋರುವ ಜಾಗದಲ್ಲಿ ಜ್ವಾಲೆ ಒಳಕ್ಕೆ ವಾಲುತ್ತದೆ. ವ್ಯಾಕ್ಯೂಮ್ ಇಳಿದಾಗ ಇನ್ನೊಂದು ಅಪಾಯವೂ ಇದೆ: ಒಳಗಿನ ಶಾಫ್ಟುಗಳ ರಿವರ್ಸ್ ಟರ್ಬೈನ್ ಮುಂದೆ ಸಾಗುವಾಗ ಖಾಲಿ ಸುತ್ತುತ್ತಿರುತ್ತದೆ, ಸುತ್ತಲಿನ ಹಬೆ ದಟ್ಟವಾದಷ್ಟೂ ಅದು ಬಿಸಿಯಾಗುತ್ತದೆ.

ನನಗೆ ಹೆಚ್ಚು ಭಯದ್ದು ಉಪ್ಪು. ಒಂದು ಟ್ಯೂಬ್ ತೂತಾದರೂ ಸಮುದ್ರದ ನೀರು ಬಾಯ್ಲರಿಗೆ ಮರಳುವ ನೀರಿಗೆ (ಫೀಡ್) ಸೇರುತ್ತದೆ. ಬಾಯ್ಲರಿನಲ್ಲಿ ಗಸಿ ಕಟ್ಟುತ್ತದೆ, ನೊರೆ ಎದ್ದು ನೀರು ಹಬೆಯೊಡನೆ ಟರ್ಬೈನಿಗೆ ಹಾರುತ್ತದೆ. ಪರೀಕ್ಷೆ ಸುಲಭ: ಗಾಜಿನ ನಳಿಕೆಯಲ್ಲಿ ಕಂಡೆನ್ಸರಿನಿಂದ ಇಳಿದ ನೀರು ತೆಗೆದುಕೊಂಡು ಸಿಲ್ವರ್ ನೈಟ್ರೇಟ್ ದ್ರಾವಣ ಎರಡು ಹನಿ ಬಿಡಿ. ತಿಳಿಯಾಗಿಯೇ ಇದ್ದರೆ ಸರಿ, ಮಜ್ಜಿಗೆ ತಿಳಿಯಂತೆ ಮಸುಕಾದರೆ ಉಪ್ಪು ಬಂದಿದೆ. ಮನೆಯಲ್ಲಿ ಮಾಡಿ ನೋಡುವವರು ಡಿಸ್ಟಿಲ್ಡ್ ವಾಟರ್ ಜೊತೆ ಹೋಲಿಸಿ. ಕಾವೇರಿ ನಲ್ಲಿ ನೀರೂ ಮಸುಕಾಗುತ್ತದೆ, ಬೋರ್‌ವೆಲ್ ನೀರಂತೂ ಸಾಮಾನ್ಯವಾಗಿ ಇನ್ನಷ್ಟು. ಚರ್ಮಕ್ಕೆ ತಾಗಿದರೆ ಕಪ್ಪು ಕಲೆ ಬೀಳುತ್ತದೆ, ಕೈಗವಸು ಹಾಕಿ.

ಸೋರುವ ಟ್ಯೂಬ್ ಹುಡುಕಲು ಆ ಕಂಡೆನ್ಸರ್ ನಿಲ್ಲಿಸಿ, ಸಮುದ್ರದ ನೀರು ಬಸಿದು, ಎರಡೂ ತುದಿಯ ಬಾಗಿಲು ತೆಗೆಯಿರಿ. ಟ್ಯೂಬುಗಳ ತುದಿ ಹಿಡಿದಿರುವ ಟ್ಯೂಬ್ ಪ್ಲೇಟ್ ಬಟ್ಟೆಯಿಂದ ಒರೆಸಿ ಒಣಗಿಸಿ, ಹಬೆಯ ಬದಿಗೆ ಸಿಹಿನೀರು ತುಂಬಿಸಿ. ಯಾವ ಟ್ಯೂಬಿನ ಬಾಯಿಂದ ಹನಿ ಇಳಿಯುತ್ತದೋ ಅದರ ಎರಡೂ ತುದಿಗೆ ಮರದ ಬೆಣೆ ಬಡಿಯಿರಿ. ಹನಿ ಟ್ಯೂಬಿನ ಸುತ್ತಲಿಂದ ಬಂದರೆ ಟ್ಯೂಬ್ ಚೆನ್ನಾಗಿದೆ, ಸುತ್ತಲಿನ ಪ್ಯಾಕಿಂಗ್ ಬದಲಿಸಿ, ಅದನ್ನು ಒತ್ತಿ ಹಿಡಿಯುವ ಫೆರೂಲ್ (ತಿರುಪಿನ ಬಳೆ) ಬಿಗಿಮಾಡಿದರೆ ಸಾಕು.