ಲಿನಕ್ಸ್ ಕರ್ನಲ್‌ನಲ್ಲಿ ಸಾಧನಗಳ ಪವರ್ ಮ್ಯಾನೇಜ್‌ಮೆಂಟ್ ದೋಷವನ್ನು ಸರಿಪಡಿಸುವ ಬಗೆ

ಸಸ್ಪೆಂಡ್ ಆದ (ವಿದ್ಯುತ್ ಉಳಿಸಲು ನಿದ್ರೆಗೆ ಜಾರಿದ) ಯಂತ್ರ ಮತ್ತೆ ಎಚ್ಚರಗೊಳ್ಳದಿದ್ದರೆ, ಕೋಡ್‌ಗೆ ಕೈಹಾಕುವ ಮುನ್ನ ಅದು ಯಾವ ಹಂತದಲ್ಲಿ ನಿಲ್ಲುತ್ತಿದೆ ಎಂಬುದನ್ನು ಪತ್ತೆ ಹಚ್ಚಬೇಕು. ದೋಷ ಪತ್ತೆಯ (ಡೀಬಗ್) ಆಯ್ಕೆಗಳೊಂದಿಗೆ ಸಿದ್ಧಪಡಿಸಿದ, ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಲ್ಲಿ ‘ಸಿಸ್/ಪವರ್’ ಅಡಿಯಲ್ಲಿ ‘ಪಿಎಂ_ಟೆಸ್ಟ್’ ಎಂಬ ಫೈಲ್ ಇರುತ್ತದೆ. ಅದರಲ್ಲಿ ಮೊದಲು ‘ಫ್ರೀಜರ್’ (ಪ್ರೋಗ್ರಾಂಗಳನ್ನು ಸ್ತಬ್ಧಗೊಳಿಸುವ ಹಂತ), ಅನಂತರ ‘ಡಿವೈಸಸ್’ (ಸಾಧನಗಳನ್ನೂ ನಿಲ್ಲಿಸುವ ಹಂತ) ಎಂದು ಬರೆದು ಸಸ್ಪೆಂಡ್ ಮಾಡಿದರೆ, ಯಂತ್ರವು ಆಯಾ ಹಂತದವರೆಗೆ ಮಾತ್ರ ಹೋಗಿ, ಸುಮಾರು 5 ಸೆಕೆಂಡು ಕಾದು, ಹಿಂದಿರುಗುತ್ತದೆ. ಮೊದಲನೆಯದನ್ನು ದಾಟಿ ಎರಡನೆಯದರಲ್ಲಿ ಸಿಕ್ಕಿಬಿದ್ದರೆ ಸಂಶಯವನ್ನು ಸಾಧನಗಳನ್ನು ನಡೆಸುವ ಕೋಡ್ ಆದ ಡ್ರೈವರ್‌ಗಳ ಮೇಲೆ ಇಡಬಹುದು. ಆಗ ಅದೇ ಜಾಗದಲ್ಲಿರುವ ‘ಪಿಎಂ_ಅಸಿಂಕ್’ ಫೈಲ್‌ಗೆ 0 ಬರೆಯಿರಿ. ಸಾಧನಗಳು ಒಂದಾದ ಮೇಲೊಂದರಂತೆ ನಿಲ್ಲುವುದರಿಂದ ತಪ್ಪಿತಸ್ಥ ಸಾಧನ ಬೇಗ ಸಿಗುತ್ತದೆ.

ಯಂತ್ರ ಚಾಲನೆಯಲ್ಲಿದ್ದಾಗ ಬಿಡುವಾದ ಸಾಧನವೊಂದು ಮಲಗದೆ ಬ್ಯಾಟರಿ ಕರಗಿಸುತ್ತಿದ್ದರೆ, ನಾನು ಮೊದಲು ಓದುವುದು ಡ್ರೈವರ್‌ನ ದೋಷ ನಿರ್ವಹಣೆಯ ಸಾಲುಗಳನ್ನು. ‘ಪಿಎಂ_ರನ್‌ಟೈಮ್_ಗೆಟ್_ಸಿಂಕ್’ ಎಂಬ, ಸಾಧನವನ್ನು ಎಚ್ಚರಿಸುವ ಕರೆ ವಿಫಲವಾದಾಗಲೂ ಬಳಕೆಯ ಎಣಿಕೆಯನ್ನು (ಸಾಧನ ಎಷ್ಟು ಕಡೆ ಬಳಕೆಯಲ್ಲಿದೆ ಎಂಬ ಲೆಕ್ಕವನ್ನು) 1 ಹೆಚ್ಚಿಸಿಯೇ ಇರುತ್ತದೆ. ಆ ಎಣಿಕೆಯನ್ನು ಇಳಿಸದೆ ಫಂಕ್ಷನ್‌ನಿಂದ ಹೊರಬಂದರೆ ಅದು ಮತ್ತೆಂದೂ 0 ಆಗದು, ಸಾಧನ ಮಲಗದು. ಎಷ್ಟೋ ಅನುಭವಿಗಳೂ ಇಲ್ಲಿ ಎಡವಿದ್ದಾರೆ. ವಿಫಲವಾದಾಗ ಎಣಿಕೆಯನ್ನು ತಾನೇ ಇಳಿಸುವ ‘ಪಿಎಂ_ರನ್‌ಟೈಮ್_ರೆಸ್ಯೂಮ್_ಅಂಡ್_ಗೆಟ್’ ಬಳಸುವುದೇ ಲೇಸು.

ಇನ್ನೊಂದು ತಪ್ಪು, ಸಾಧನದ ಕ್ಲಾಕ್ (ಅದನ್ನು ನಡೆಸುವ ಮಿಡಿತ) ನಿಂತ ಮೇಲೆ ಅದು ಕಳುಹಿಸಿದ ಸಂಕೇತವಾಗಿ ಬಂದ ಇಂಟರಪ್ಟ್‌ಗೆ ಹ್ಯಾಂಡ್ಲರ್ (ಅದಕ್ಕೆ ಉತ್ತರಿಸುವ ಕೋಡ್) ಸಾಧನದ ರಿಜಿಸ್ಟರ್ ಓದಲು ಹೋಗುವುದು. ಕ್ಲಾಕ್ ನಿಲ್ಲಿಸುವ ಮೊದಲೇ ಇಂಟರಪ್ಟ್ ತಡೆಯಿರಿ.

ತಿದ್ದುಪಡಿಯ ನಂತರ ‘ಪಿಎಂ_ಟೆಸ್ಟ್’ ಫೈಲ್‌ಗೆ ‘ನನ್’ (none) ಎಂದು ಬರೆದು ಈ ಪರೀಕ್ಷಾ ಹಂತಗಳನ್ನು ಕೈಬಿಟ್ಟು, ನಿಜವಾದ ಸಸ್ಪೆಂಡನ್ನು ಹತ್ತಾರು ಬಾರಿ ಪರೀಕ್ಷಿಸಿ.